ಕೊನೆಯ ಖಾಲಿ ಸಾಲು: ಕಡತ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಯ ಇತಿಹಾಸ



ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಗಣಕದ ಕಡತವೊಂದರಲ್ಲಿ ಐವರು ವಿದ್ಯಾರ್ಥಿಗಳ ಅಂಕಗಳನ್ನು ಸಾಲಿಗೊಂದರಂತೆ ಬರೆದಿದೆ ಎಂದುಕೊಳ್ಳಿ: 72, 65, 80, 58, 75. ಒಟ್ಟು 350, ಸರಾಸರಿ 70. ಕೈಲೆಕ್ಕದಲ್ಲಿ ಇದಕ್ಕೆ ಒಂದು ನಿಮಿಷವೂ ಬೇಡ.

ಈಗ ಇದೇ ಕೆಲಸಕ್ಕೆ ಮೂವರು ಮೂರು ಪ್ರೋಗ್ರಾಂ ಬರೆದರೆನ್ನೋಣ. ಮೊದಲನೆಯದು ಸರಾಸರಿ 58.33 ಎನ್ನುತ್ತದೆ. ಎರಡನೆಯದು 70.83 ಎನ್ನುತ್ತದೆ. ಮೂರನೆಯದು 68.75 ಎನ್ನುತ್ತದೆ. ಯಾವುದರಲ್ಲಿಯೂ ಕೂಡುವ, ಭಾಗಿಸುವ ಸೂತ್ರ ತಪ್ಪಿಲ್ಲ. ಮೊದಲನೆಯದು ಕಡತದ ತುದಿಯಲ್ಲಿದ್ದ ಒಂದು ಖಾಲಿ ಸಾಲನ್ನು ಸೊನ್ನೆ ಅಂಕದ ಆರನೆಯ ವಿದ್ಯಾರ್ಥಿ ಎಂದು ಎಣಿಸಿತು. ಎರಡನೆಯದು ಕೊನೆಯ 75ನ್ನು ಎರಡು ಸಲ ಕೂಡಿತು. ಮೂರನೆಯದು ಕೊನೆಯ ವಿದ್ಯಾರ್ಥಿಯನ್ನು ಬಿಟ್ಟೇಬಿಟ್ಟಿತು. ಮೂರೂ ತಪ್ಪುಗಳು ಹುಟ್ಟಿದ್ದು ಒಂದೇ ಜಾಗದಲ್ಲಿ, ಕಡತದ ಕಟ್ಟಕಡೆಯಲ್ಲಿ.

ಇವುಗಳಲ್ಲಿ 58.33 ಅಷ್ಟು ಅಪಾಯಕಾರಿಯಲ್ಲ. ನೋಡಿದವರಿಗೆ ಕೂಡಲೇ ಅನುಮಾನ ಬರುತ್ತದೆ. 70.83 ಮಾತ್ರ ಸರಿಯಾದ ಉತ್ತರದಂತೆಯೇ ಕಾಣುತ್ತದೆ. ಅಂಕಪಟ್ಟಿಯಲ್ಲಿ, ಸಂಬಳದ ಪಟ್ಟಿಯಲ್ಲಿ, ಔಷಧದ ದಾಸ್ತಾನು ಲೆಕ್ಕದಲ್ಲಿ ಇಂಥ ಉತ್ತರ ಸೇರಿಕೊಂಡರೆ ಅದನ್ನು ಪ್ರಶ್ನಿಸುವವರೇ ಇರುವುದಿಲ್ಲ. ಆದ್ದರಿಂದ ಈ ತಪ್ಪುಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿಯುವುದು ಪ್ರಯೋಜನಕರ. ಅವುಗಳ ಹಿಂದೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ.

ಕಾರ್ಡುಗಳ ಕಾಲ

ಗಣಕಗಳು ಬರುವುದಕ್ಕೆ ಮೊದಲೇ ಲೆಕ್ಕದ ಯಂತ್ರಗಳಿಗೆ ಮಾಹಿತಿಯನ್ನು ತೂತು ಕೊರೆದ ರಟ್ಟಿನ ಕಾರ್ಡುಗಳ ಮೂಲಕ ಕೊಡುತ್ತಿದ್ದರು. ಐಬಿಎಂ ಕಂಪನಿ 1928ರಲ್ಲಿ ತಂದ 80 ಅಂಕಣಗಳ ಕಾರ್ಡು ಹಲವು ದಶಕಗಳ ಕಾಲ ಬಳಕೆಯಲ್ಲಿತ್ತು. ಒಂದು ಕಾರ್ಡು ಎಂದರೆ ಒಂದು ಸಾಲು. ರಟ್ಟು ಮುಗಿದಲ್ಲಿ ಸಾಲು ಮುಗಿಯಿತು. ಹಾಗಾಗಿ ಸಾಲಿನ ಕೊನೆಯನ್ನು ಬೇರೆ ಗುರುತಿನಿಂದ ತೋರಿಸುವ ಅಗತ್ಯವಿರಲಿಲ್ಲ.

ಆದರೆ ಕಾರ್ಡುಗಳ ಕಟ್ಟು ಎಲ್ಲಿ ಮುಗಿಯಿತು? ಒಬ್ಬರ ಕಟ್ಟಿನ ಹಿಂದೆ ಇನ್ನೊಬ್ಬರ ಕಟ್ಟು ಸರದಿಯಲ್ಲಿ ನಿಂತಿರುತ್ತಿತ್ತು. ಇದಕ್ಕೆ ಮೂರು ಉಪಾಯಗಳು ರೂಢಿಗೆ ಬಂದವು. ಒಂದು, ಎಷ್ಟು ಕಾರ್ಡುಗಳಿವೆ ಎಂಬುದನ್ನು ಮೊದಲ ಕಾರ್ಡಿನಲ್ಲೇ ಬರೆಯುವುದು. ಎರಡು, 9999ರಂಥ, ಅಂಕಗಳಲ್ಲಿ ಬರಲಾರದ ಸಂಖ್ಯೆಯನ್ನೋ ಏನೂ ಕೊರೆಯದ ಖಾಲಿ ಕಾರ್ಡನ್ನೋ ಕೊನೆಯಲ್ಲಿ ಇಡುವುದು. ಮೂರು, ಗಣಕದ ವ್ಯವಸ್ಥೆಗೇ ಅರ್ಥವಾಗುವ ವಿಶೇಷ ಕಾರ್ಡನ್ನು ಸೇರಿಸುವುದು. 1964ರಲ್ಲಿ ಬಂದ ಐಬಿಎಂ ಸಿಸ್ಟಂ 360 ಗಣಕಗಳಲ್ಲಿ ಮೊದಲ ಎರಡು ಅಂಕಣಗಳಲ್ಲಿ ಓರೆಗೆರೆ ಮತ್ತು ನಕ್ಷತ್ರ ಚಿಹ್ನೆ ಇದ್ದ ಕಾರ್ಡು ಬಂದರೆ ಮಾಹಿತಿ ಮುಗಿಯಿತೆಂದು ಅರ್ಥ.

ಎರಡನೆಯ ಉಪಾಯದಲ್ಲಿ ಒಂದು ತೊಡಕಿತ್ತು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಸಂಖ್ಯೆ ಇರಬೇಕಾದ ಜಾಗ ಖಾಲಿಯಿದ್ದರೆ ಅದನ್ನು ಸೊನ್ನೆ ಎಂದೇ ಓದುತ್ತಿದ್ದರು. ಆದ್ದರಿಂದ ಖಾಲಿ ಕಾರ್ಡನ್ನು ಮುಕ್ತಾಯದ ಗುರುತಾಗಿ ಬಳಸಿ, ಓದಿದ ಸಂಖ್ಯೆ ಸೊನ್ನೆಯಾದರೆ ನಿಲ್ಲು ಎಂದು ಬರೆದ ಪ್ರೋಗ್ರಾಂ, ನಿಜವಾಗಿ ಸೊನ್ನೆ ಅಂಕ ಪಡೆದ ವಿದ್ಯಾರ್ಥಿಯ ಕಾರ್ಡು ಬಂದಾಗಲೂ ನಿಲ್ಲುತ್ತಿತ್ತು. ಅವನ ಹಿಂದಿದ್ದವರ ಅಂಕಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆ ಪರೀಕ್ಷೆ ಇಲ್ಲದ ಪ್ರೋಗ್ರಾಂನಲ್ಲಿ ಕಟ್ಟಿನೊಳಗೆ ಸೇರಿಕೊಂಡ ಖಾಲಿ ಕಾರ್ಡು ಒಬ್ಬ ಹೊಸ ವಿದ್ಯಾರ್ಥಿಯಾಗುತ್ತಿತ್ತು. ನಮ್ಮ ಮೊದಲ ತಪ್ಪಿನ, ಅಂದರೆ 58.33ರ, ಪೂರ್ವಜ ಇದೇ.

ಖಾಲಿ, ಸೊನ್ನೆ, ಮುಕ್ತಾಯ: ಇವು ಮೂರೂ ಬೇರೆ ಬೇರೆ. ಹಾಜರಿ ಪುಸ್ತಕದ ಕೆಳಭಾಗದಲ್ಲಿ ಉಳಿದ ಖಾಲಿ ಗೆರೆಯನ್ನು ಯಾವ ಉಪಾಧ್ಯಾಯರೂ ಗೈರುಹಾಜರಾದ ವಿದ್ಯಾರ್ಥಿ ಎಂದು ತಿಳಿಯುವುದಿಲ್ಲ. ಯಂತ್ರಕ್ಕೆ ಈ ವಿವೇಕವನ್ನು ನಾವೇ ಹೇಳಿಕೊಡಬೇಕು. ಫೋರ್ಟ್ರಾನ್ 77ರ ಹೊತ್ತಿಗೆ ಭಾಷೆಯ ಮಾನಕದಲ್ಲಿಯೇ ಎರಡು ಸೌಲಭ್ಯಗಳು ಸೇರಿದವು: ಮಾಹಿತಿ ಮುಗಿದಾಗ ಪ್ರೋಗ್ರಾಂ ಎಲ್ಲಿಗೆ ಹೋಗಬೇಕೆಂದು ಸೂಚಿಸುವುದು ಒಂದು, ಸಂಖ್ಯೆಯ ಜಾಗದಲ್ಲಿನ ಖಾಲಿಯನ್ನು ಸೊನ್ನೆ ಎನ್ನಬೇಕೇ ಕಡೆಗಣಿಸಬೇಕೇ ಎಂದು ಆರಿಸಿಕೊಳ್ಳುವುದು ಇನ್ನೊಂದು.

ತಂತಿಯಿಂದ ಬಂದ ಎರಡು ಸಂಕೇತಗಳು

ಕಾರ್ಡಿನಲ್ಲಿ ಇಲ್ಲದಿದ್ದ ಸಾಲಿನ ಗುರುತು ಬಂದದ್ದು ತಂತಿ ಇಲಾಖೆಯ ಕಡೆಯಿಂದ. ಫ್ರಾನ್ಸ್‌ನ ಎಮಿಲ್ ಬೋಡೊ 1874ರಲ್ಲಿ ಐದು ಘಟಕಗಳ ಸಂಕೇತ ಪದ್ಧತಿಗೆ ಪೇಟೆಂಟ್ ಪಡೆದರು. ನ್ಯೂಜಿಲೆಂಡ್ ಮೂಲದ ಡೊನಾಲ್ಡ್ ಮರ್ರೆ 1901ರ ಸುಮಾರಿಗೆ ಅದನ್ನು ಬೆರಳಚ್ಚು ಯಂತ್ರದಂಥ ಕೀಲಿಮಣೆಗೆ ಹೊಂದಿಸಿದರು. ದೂರದಲ್ಲಿರುವ ಯಂತ್ರವೇ ಕಾಗದದ ಮೇಲೆ ಅಚ್ಚು ಹೊಡೆಯಬೇಕಾದರೆ ಅಕ್ಷರಗಳನ್ನಷ್ಟೇ ಕಳುಹಿಸಿದರೆ ಸಾಲದು; ಸಾಲು ಬದಲಿಸು ಎಂಬ ಆಜ್ಞೆಯನ್ನೂ ಕಳುಹಿಸಬೇಕು. ಹೀಗೆ ಎರಡು ಆಜ್ಞೆಗಳು ಸಂಕೇತದಲ್ಲಿ ಸೇರಿದವು. ಅಚ್ಚಿನ ಗಾಡಿಯನ್ನು ಎಡಗಡೆಯ ಆರಂಭಕ್ಕೆ ತರುವುದು ಕ್ಯಾರೇಜ್ ರಿಟರ್ನ್. ಕಾಗದವನ್ನು ಒಂದು ಸಾಲಿನಷ್ಟು ಮೇಲಕ್ಕೆ ಸರಿಸುವುದು ಲೈನ್ ಫೀಡ್.

1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ 128 ಸಂಕೇತಗಳ ಮಾನಕ ಪ್ರಕಟವಾಯಿತು. ಅದರಲ್ಲಿ ಲೈನ್ ಫೀಡ್‌ಗೆ 10, ಕ್ಯಾರೇಜ್ ರಿಟರ್ನ್‌ಗೆ 13 ಎಂಬ ಸಂಖ್ಯೆಗಳು ಬಂದವು. ಅದೇ ಕಾಲದ ಟೆಲಿಟೈಪ್ 33 ಯಂತ್ರ ಸೆಕೆಂಡಿಗೆ 10 ಅಕ್ಷರಗಳನ್ನು ಅಚ್ಚು ಮಾಡುತ್ತಿತ್ತು. ಗಾಡಿ ಬಲತುದಿಯಿಂದ ಎಡಕ್ಕೆ ಮರಳಲು ಒಂದು ಅಕ್ಷರದ ಕಾಲಕ್ಕಿಂತ ಹೆಚ್ಚು ಬೇಕಿತ್ತು. ಮೊದಲು 13, ಬಳಿಕ 10 ಎಂಬ ಕ್ರಮದಲ್ಲಿ ಕಳುಹಿಸಿದರೆ ಕಾಗದ ಸರಿಯುವಷ್ಟರಲ್ಲಿ ಗಾಡಿ ತನ್ನ ಜಾಗ ಸೇರುತ್ತಿತ್ತು. ಯಂತ್ರದ ಈ ನಿಧಾನಗತಿಗೆ ಹೊಂದಿಕೊಂಡ ಜೋಡಿ ಸಂಕೇತ ಇಂದಿಗೂ ವಿಂಡೋಸ್ ಗಣಕಗಳ ಪಠ್ಯ ಕಡತಗಳಲ್ಲಿ ಉಳಿದಿದೆ.

ಪೂರ್ಣವಿರಾಮವೋ ಅಲ್ಪವಿರಾಮವೋ

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಯುನಿಕ್ಸ್ ಕಾರ್ಯವ್ಯವಸ್ಥೆಯನ್ನು ಕಟ್ಟತೊಡಗಿದರು. ಅದಕ್ಕೂ ಹಿಂದಿನ ಮಲ್ಟಿಕ್ಸ್ ವ್ಯವಸ್ಥೆಯಲ್ಲಿದ್ದಂತೆ ಇಲ್ಲಿಯೂ 10 ಎಂಬ ಒಂದೇ ಸಂಕೇತ ಸಾಲಿನ ಗುರುತಾಯಿತು. ಅದನ್ನು ನಾವು ಹೊಸಸಾಲು ಸಂಕೇತ ಎನ್ನೋಣ.

ಇಲ್ಲಿ ಒಂದು ಮುಖ್ಯ ಪ್ರಶ್ನೆ ಏಳುತ್ತದೆ. ಈ ಸಂಕೇತ ಸಾಲನ್ನು ಮುಗಿಸುತ್ತದೆಯೇ, ಅಥವಾ ಎರಡು ಸಾಲುಗಳನ್ನು ಬೇರ್ಪಡಿಸುತ್ತದೆಯೇ? ನಮ್ಮ ಬರವಣಿಗೆಯಲ್ಲಿ ಎರಡೂ ಬಗೆಯ ಚಿಹ್ನೆಗಳಿವೆ. ಪೂರ್ಣವಿರಾಮ ವಾಕ್ಯವನ್ನು ಮುಗಿಸುತ್ತದೆ. ಐದು ವಾಕ್ಯಗಳಿದ್ದರೆ ಐದು ಪೂರ್ಣವಿರಾಮಗಳು. ಅಲ್ಪವಿರಾಮ ಹೆಸರುಗಳನ್ನು ಬೇರ್ಪಡಿಸುತ್ತದೆ. ಐದು ಹೆಸರುಗಳ ನಡುವೆ ನಾಲ್ಕೇ ಅಲ್ಪವಿರಾಮಗಳು.

ಯುನಿಕ್ಸ್‌ನ ರೂಢಿ ಪೂರ್ಣವಿರಾಮದ್ದು. ಪ್ರತಿ ಸಾಲೂ, ಕೊನೆಯದೂ ಸೇರಿ, ಹೊಸಸಾಲು ಸಂಕೇತದಿಂದ ಮುಗಿಯಬೇಕು. ಮುಂದೆ ಬಂದ ಪೋಸಿಕ್ಸ್ ಮಾನಕ ಸಾಲು ಎಂಬುದನ್ನು ಹೀಗೆಯೇ ವಿವರಿಸುತ್ತದೆ. 1989ರ ಸಿ ಭಾಷೆಯ ಮಾನಕವೂ ಮೂಲ ಪ್ರೋಗ್ರಾಂ ಕಡತ ಬರಿದಾಗಿಲ್ಲದಿದ್ದರೆ ಹೊಸಸಾಲಿನಿಂದಲೇ ಮುಗಿಯಬೇಕೆಂದು ವಿಧಿಸಿತು.

ಒಂದೇ ಕಡತವನ್ನು ಈ ಎರಡು ದೃಷ್ಟಿಗಳಿಂದ ನೋಡಿದರೆ ಏನಾಗುತ್ತದೆ? ಐದು ಅಂಕಗಳೂ ಐದು ಹೊಸಸಾಲು ಸಂಕೇತಗಳೂ ಇರುವ ಕಡತವನ್ನು ಅಲ್ಪವಿರಾಮದ ದೃಷ್ಟಿಯಿಂದ ತುಂಡು ಮಾಡಿದರೆ ಆರು ತುಂಡುಗಳು ಬರುತ್ತವೆ. ಆರನೆಯದು ಬರಿದು. ಅಲ್ಲಿ ಖಾಲಿ ಸಾಲನ್ನು ಯಾರೂ ಬರೆದಿರಲಿಲ್ಲ. ತುಂಡು ಮಾಡಿದ ರೀತಿಯೇ ಅದನ್ನು ಹುಟ್ಟಿಸಿತು. 1991ರಲ್ಲಿ ಬಂದ ಪೈಥಾನ್ ಭಾಷೆಯಲ್ಲಿ ಇಂದು ಈ ಎರಡಕ್ಕೂ ಬೇರೆ ಬೇರೆ ಆಜ್ಞೆಗಳಿವೆ. ಸ್ಪ್ಲಿಟ್ ಎಂಬುದಕ್ಕೆ ಹೊಸಸಾಲು ಸಂಕೇತ ಕೊಟ್ಟರೆ ಆರು ತುಂಡು. ಸ್ಪ್ಲಿಟ್‌ಲೈನ್ಸ್ ಎಂದರೆ ಐದೇ ಸಾಲು.

ಇದರ ತಿರುಗು ರೂಪವೂ ಉಂಟು. ಕೆಲವು ಸಂಪಾದಕ ತಂತ್ರಾಂಶಗಳು ಕೊನೆಯ ಸಾಲಿಗೆ ಹೊಸಸಾಲು ಸಂಕೇತ ಹಾಕುವುದಿಲ್ಲ. ಆಗ ಕಡತದಲ್ಲಿ ಐದು ಅಂಕಗಳು, ನಾಲ್ಕು ಸಂಕೇತಗಳು. ಹೊಸಸಾಲು ಕಂಡಾಗ ಮಾತ್ರ ಅಂಕವನ್ನು ಲೆಕ್ಕಕ್ಕೆ ಸೇರಿಸುವ ಪ್ರೋಗ್ರಾಂ ಕೊನೆಯ 75ನ್ನು ಓದಿಯೂ ಕೈಬಿಡುತ್ತದೆ. ಒಟ್ಟು 275, ಭಾಗಿಸಿದ್ದು 4ರಿಂದ, ಉತ್ತರ 68.75. ಇದು ನಮ್ಮ ಮೂರನೆಯ ತಪ್ಪು.

128 ಬೈಟುಗಳ ಪೆಟ್ಟಿಗೆ

ಯುನಿಕ್ಸ್‌ನಲ್ಲಿ ಇನ್ನೊಂದು ಅಂಶ ಗಮನಾರ್ಹ. ಕಡತದ ಮುಕ್ತಾಯಕ್ಕೆಂದು ಅಲ್ಲಿ ಯಾವ ಅಕ್ಷರವೂ ಇಲ್ಲ. ಕಡತದಲ್ಲಿ ಎಷ್ಟು ಬೈಟುಗಳಿವೆ ಎಂಬುದು ವ್ಯವಸ್ಥೆಗೆ ಗೊತ್ತು. ಎಲ್ಲವನ್ನೂ ಓದಿಯಾದ ಮೇಲೆ ಮತ್ತೆ ಓದಲು ಕೇಳಿದರೆ ಸೊನ್ನೆ ಬೈಟು ಸಿಕ್ಕಿತು ಎಂಬ ಉತ್ತರ ಬರುತ್ತದೆ. ಕೊನೆ ಎಂಬುದು ಕಡತದೊಳಗಿನ ವಸ್ತುವಲ್ಲ, ಓದುವ ಕ್ರಿಯೆಯ ಫಲಿತಾಂಶ.

ಗ್ಯಾರಿ ಕಿಲ್ಡಾಲ್ 1974ರಲ್ಲಿ ರೂಪಿಸಿದ ಸಿಪಿ/ಎಂ ವ್ಯವಸ್ಥೆ ಬೇರೆ ದಾರಿ ಹಿಡಿಯಿತು. ಅದು ಕಡತದ ಉದ್ದವನ್ನು ಬೈಟುಗಳಲ್ಲಿ ಅಲ್ಲ, 128 ಬೈಟುಗಳ ದಾಖಲೆಗಳಲ್ಲಿ ಎಣಿಸುತ್ತಿತ್ತು. ನಿಮ್ಮ ಪಠ್ಯ 130 ಬೈಟು ಇದ್ದರೆ ಎರಡು ದಾಖಲೆಗಳು, ಅಂದರೆ 256 ಬೈಟುಗಳ ಜಾಗ. ಎರಡನೆಯ ಪೆಟ್ಟಿಗೆಯಲ್ಲಿ ನಿಜವಾದ ಪಠ್ಯ ಎಲ್ಲಿ ಮುಗಿಯಿತು ಎಂದು ತೋರಿಸಲು 26ನೆಯ ಸಂಕೇತವನ್ನು, ಅಂದರೆ ಕಂಟ್ರೋಲ್-ಜೆಡ್ ಅನ್ನು, ಇಡುತ್ತಿದ್ದರು. 1981ರಲ್ಲಿ ಬಂದ ಡಾಸ್ ಕಡತದ ಉದ್ದವನ್ನು ಬೈಟುಗಳಲ್ಲೇ ಬರೆದಿಡುತ್ತಿದ್ದರೂ ಹಳೆಯ ರೂಢಿಯನ್ನು ಬಿಡಲಿಲ್ಲ. ಡಾಸ್‌ನಲ್ಲಿ ಕೀಲಿಮಣೆಯಿಂದ ನೇರವಾಗಿ ಕಡತ ಬರೆದವರು ಕೊನೆಗೆ ಕಂಟ್ರೋಲ್-ಜೆಡ್ ಒತ್ತಬೇಕಾಗಿತ್ತು.

ಅಂಥ ಗುರುತು ಉಳಿದ ಕಡತವನ್ನು ಯುನಿಕ್ಸ್‌ಗೆ ಒಯ್ದರೆ ಕೊನೆಯಲ್ಲಿ ಒಂದೇ ಒಂದು ಕಾಣದ ಅಕ್ಷರವಿರುವ ಹೆಚ್ಚುವರಿ ಸಾಲು ಕಂಡುಬರುತ್ತದೆ. ಡಾಸ್ ಕಡತದ ನಿಜವಾದ ಖಾಲಿ ಸಾಲು ಕೂಡ ಅಲ್ಲಿ ಪೂರ್ಣ ಖಾಲಿಯಲ್ಲ. ಅದರಲ್ಲಿ 13ನೆಯ ಸಂಕೇತ ಕುಳಿತಿರುತ್ತದೆ. ಸಾಲಿನ ಉದ್ದ ಸೊನ್ನೆಯೇ ಎಂದು ಕೇಳುವ ಪ್ರೋಗ್ರಾಂ ಇಲ್ಲ ಎಂಬ ಉತ್ತರ ಪಡೆದು ಮೋಸಹೋಗುತ್ತದೆ. 1984ರ ಮೆಕಿಂಟಾಷ್ ಮೂರನೆಯ ಪದ್ಧತಿಯನ್ನು ಅನುಸರಿಸಿತು: 13 ಮಾತ್ರ. 2001ರಲ್ಲಿ ಬಂದ ಮ್ಯಾಕ್ ಓಎಸ್ ಟೆನ್‌ನಿಂದ ಅದೂ ಯುನಿಕ್ಸ್‌ನ 10ಕ್ಕೆ ಹೊರಳಿತು.

ಪಾಸ್ಕಲ್ ಕಲಿತವರು ಸಿ ಬರೆದಾಗ

ಇನ್ನು 70.83ರ ಕಥೆ. ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಪ್ರಕಟಿಸಿದ ಪಾಸ್ಕಲ್ ಭಾಷೆ ಬೋಧನೆಗೆಂದೇ ಹೆಸರಾದದ್ದು. ಅದರಲ್ಲಿ ಕಡತ ಮುಗಿದಿದೆಯೇ ಎಂದು ಓದುವ ಮೊದಲೇ ಕೇಳಬಹುದು. ಭಾಷೆ ಒಂದು ಹೆಜ್ಜೆ ಮುಂದೆ ಇಣುಕಿ ನೋಡಿ ಉತ್ತರಿಸುತ್ತದೆ. ಕಡತ ಮುಗಿಯದಿರುವವರೆಗೆ ಸಾಲು ಓದು ಎಂಬ ಆಜ್ಞೆ ಅಲ್ಲಿ ಸರಿ.

ಸಿ ಭಾಷೆ ಹಾಗಲ್ಲ. ಅದರಲ್ಲಿನ ಎಫ್‌ಇಒಎಫ್ ಎಂಬ ಪರೀಕ್ಷೆ, ಹಿಂದಿನ ಓದುವ ಪ್ರಯತ್ನ ಕೊನೆಯನ್ನು ಮುಟ್ಟಿತೇ ಎಂದಷ್ಟೇ ಹೇಳುತ್ತದೆ. ಮುಂದಿನದು ಹೇಗೆ ಎಂದು ಹೇಳುವುದಿಲ್ಲ. ಐದನೆಯ ಸಾಲನ್ನು ಅದರ ಹೊಸಸಾಲು ಸಂಕೇತದವರೆಗೆ ಓದಿ ಮುಗಿಸಿದಾಗ ಕೊನೆಯನ್ನು ಇನ್ನೂ ಮುಟ್ಟಿರುವುದಿಲ್ಲ. ಆದ್ದರಿಂದ ಆವರ್ತನೆ ಆರನೆಯ ಬಾರಿಯೂ ಒಳಕ್ಕೆ ಹೋಗುತ್ತದೆ. ಈ ಸಲ ಓದು ವಿಫಲವಾಗುತ್ತದೆ. ಆದರೆ ಸ್ಮೃತಿಯಲ್ಲಿ ಹಳೆಯ 75 ಹಾಗೆಯೇ ಉಳಿದಿರುತ್ತದೆ. ಫಲಿತಾಂಶವನ್ನು ಪರೀಕ್ಷಿಸದ ಪ್ರೋಗ್ರಾಂ ಅದನ್ನೇ ಮತ್ತೆ ಕೂಡುತ್ತದೆ. ಒಟ್ಟು 425, ಭಾಗಿಸಿದ್ದು 6ರಿಂದ.

ಪಾಸ್ಕಲ್‌ನಲ್ಲಿಯೂ ಸಾಲಿನ ಬದಲು ಸಂಖ್ಯೆಯನ್ನೇ ಓದುತ್ತಾ ಹೋದರೆ ತೊಂದರೆಯಿತ್ತು. ಕೊನೆಯ ಸಂಖ್ಯೆಯ ನಂತರ ಹೊಸಸಾಲೋ ಖಾಲಿ ಸಾಲುಗಳೋ ಉಳಿದಿರುವುದರಿಂದ ಕಡತ ಮುಗಿದಿಲ್ಲ ಎಂಬ ಉತ್ತರ ಬರುತ್ತದೆ, ಆದರೆ ಓದಲು ಸಂಖ್ಯೆ ಇರುವುದಿಲ್ಲ. ಟರ್ಬೊ ಪಾಸ್ಕಲ್‌ನಲ್ಲಿ ಇದಕ್ಕೆಂದೇ ಸೀಕ್‌ಇಒಎಫ್ ಎಂಬ ಪರೀಕ್ಷೆಯಿತ್ತು. ಅದು ಖಾಲಿ ಜಾಗ, ಸಾಲಿನ ಗುರುತುಗಳನ್ನೆಲ್ಲ ದಾಟಿ, ಆಮೇಲೆ ಕಡತ ಮುಗಿದಿದೆಯೇ ಎಂದು ನೋಡುತ್ತಿತ್ತು. ಕೊನೆಯ ಖಾಲಿ ಸಾಲಿನ ಕಾಟ ಎಷ್ಟು ಸಾಮಾನ್ಯವಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಸಿ ಭಾಷೆಯಲ್ಲಿ ಒಂದು ಒಳ್ಳೆಯ ಪಾಠವೂ ಅಡಗಿದೆ. ಒಂದೊಂದೇ ಅಕ್ಷರ ಓದುವ ಗೆಟ್‌ಚಾರ್ ಕೊಡುವ ಉತ್ತರದ ಜಾತಿ ಅಕ್ಷರವಲ್ಲ, ಪೂರ್ಣಾಂಕ. ಏಕೆಂದರೆ ಕಡತ ಮುಗಿಯಿತು ಎಂಬ ಉತ್ತರ ಯಾವ ಅಕ್ಷರದೊಂದಿಗೂ ಬೆರೆಯಬಾರದು. ಮುಕ್ತಾಯಕ್ಕೆ ಋಣ ಸಂಖ್ಯೆಯೊಂದನ್ನು, ಸಾಮಾನ್ಯವಾಗಿ -1 ಅನ್ನು, ಮೀಸಲಿಟ್ಟಿದ್ದಾರೆ. ಖಾಲಿ ಕಾರ್ಡಿನ ಕಾಲದ ಗೊಂದಲಕ್ಕೆ ಇದು ನೇರವಾದ ಉತ್ತರ.

ಖಾಲಿ ಸಾಲಿಗೂ ಅರ್ಥವುಂಟು

ಹಾಗಾದರೆ ಕಂಡ ಖಾಲಿ ಸಾಲುಗಳನ್ನೆಲ್ಲ ಅಳಿಸಿಬಿಡೋಣವೇ? ಅವಸರ ಬೇಡ. 1982ರಲ್ಲಿ ಪ್ರಕಟವಾದ ವಿದ್ಯುನ್ಮಾನ ಅಂಚೆಯ ನಿಯಮಗಳಲ್ಲಿ ಮೇಲ್ಬರಹಕ್ಕೂ ಪತ್ರದ ಒಡಲಿಗೂ ನಡುವಿನ ಗಡಿಯೇ ಒಂದು ಖಾಲಿ ಸಾಲು. ಅದನ್ನು ಅಳಿಸಿದರೆ ಪತ್ರವೂ ವಿಳಾಸವೂ ಒಂದಾಗುತ್ತವೆ. ಪತ್ರದ ಒಡಲಿನೊಳಗೆ ಖಾಲಿ ಸಾಲು ಎಷ್ಟಾದರೂ ಬರಬಹುದಾದ್ದರಿಂದ ಅಂಚೆ ಸಾಗಿಸುವಾಗ ಅದನ್ನು ಮುಕ್ತಾಯದ ಗುರುತು ಮಾಡುವಂತಿರಲಿಲ್ಲ. ಅದಕ್ಕೆ ಚುಕ್ಕೆಯೊಂದೇ ಇರುವ ಸಾಲನ್ನು ಆರಿಸಿದರು. ಪತ್ರದ ಸಾಲೇ ಚುಕ್ಕೆಯಿಂದ ಆರಂಭವಾದರೆ ಕಳುಹಿಸುವಾಗ ಇನ್ನೊಂದು ಚುಕ್ಕೆ ಸೇರಿಸಿ, ಪಡೆದವರು ಅದನ್ನು ತೆಗೆಯಬೇಕೆಂದು ವಿಧಿಸಿದರು.

ಕಾವ್ಯದಲ್ಲಿ ಪದ್ಯಗಳ ನಡುವಿನ, ಗದ್ಯದಲ್ಲಿ ಕಂಡಿಕೆಗಳ ನಡುವಿನ ಖಾಲಿ ಸಾಲಿಗೂ ಅರ್ಥವಿದೆ. ಆದ್ದರಿಂದ ಖಾಲಿ ಸಾಲು ಎಲ್ಲಿದೆ ಎಂಬುದು ಮುಖ್ಯ. ಅದರ ನಂತರ ಇನ್ನೇನಾದರೂ ಬರೆದಿದ್ದರೆ ಅದು ನಡುವಿನದು. ಏನೂ ಇಲ್ಲದಿದ್ದರೆ ಕೊನೆಯದು.

ಕನ್ನಡದ ಕಡತಗಳಲ್ಲಿ

ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು. ಅವೆಲ್ಲವೂ 128 ಅಥವಾ ಅದಕ್ಕೂ ಹೆಚ್ಚಿನ ಬೆಲೆಯವು. ಹಾಗಾಗಿ 10 ಮತ್ತು 13 ಕನ್ನಡ ಅಕ್ಷರದ ನಡುವೆ ಎಂದೂ ಬರುವುದಿಲ್ಲ. ಸಾಲು ಗುರುತಿಸುವ ಹಳೆಯ ವಿಧಾನವೇ ಸಾಕಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ‘ಪಾಸ್ಕಲ್‌ನಲ್ಲಿ’ ಎಂಬ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಾವು ಅಗಲವಿಲ್ಲದ ಒಂದು ಕಾಣದ ಸಂಕೇತವನ್ನು ಬಳಸುತ್ತೇವೆ. ಅದೊಂದೇ ಉಳಿದ ಸಾಲು ಕಣ್ಣಿಗೆ ಖಾಲಿ, ಪ್ರೋಗ್ರಾಂಗೆ ಖಾಲಿಯಲ್ಲ. ಪೈಥಾನ್‌ನ ಸ್ಟ್ರಿಪ್ ಆಜ್ಞೆಯೂ ಅದನ್ನು ತೆಗೆಯುವುದಿಲ್ಲ. ನಾವೇ ಹೇಳಿ ತೆಗೆಸಬೇಕು.

ಸರಿಯಾದ ಕ್ರಮ

ಇಷ್ಟು ಇತಿಹಾಸದಿಂದ ದೊರೆಯುವ ಕ್ರಮ ಸರಳವಾಗಿದೆ.

1. ಮೊದಲು ಓದಿ, ಆಮೇಲೆ ಓದಿನ ಫಲಿತಾಂಶವನ್ನು ಪರೀಕ್ಷಿಸಿ. ಏನೂ ಸಿಗದಿದ್ದರೆ ಮಾತ್ರ ಕಡತ ಮುಗಿಯಿತು. ಪೈಥಾನ್‌ನ ರೀಡ್‌ಲೈನ್ ಖಾಲಿ ಸಾಲಿಗೆ ಹೊಸಸಾಲು ಸಂಕೇತವನ್ನು ಕೊಡುತ್ತದೆ. ಮುಕ್ತಾಯಕ್ಕೆ ಬರಿದಾದ ಪಠ್ಯವನ್ನು ಕೊಡುತ್ತದೆ. ಎರಡನ್ನೂ ಒಂದು ಮಾಡಬೇಡಿ.

2. ಸಾಲಿನ ಕೊನೆಯ 10, 13 ಮತ್ತು ಖಾಲಿ ಜಾಗಗಳನ್ನು ತೆಗೆದು, ಆಮೇಲೆ ಸಾಲು ಖಾಲಿಯೇ ಎಂದು ನೋಡಿ.

3. ಖಾಲಿ ಸಾಲು ಬಂದರೆ ಕೂಡಲೇ ಬಳಸಬೇಡಿ, ಎಸೆಯಲೂ ಬೇಡಿ. ಎಷ್ಟು ಬಂದವೆಂದು ಎಣಿಸಿಡಿ. ಮುಂದೆ ಬರಹವಿರುವ ಸಾಲು ಬಂದರೆ ಅವು ನಡುವಿನವು. ಕಾವ್ಯವಾದರೆ ಅಷ್ಟನ್ನೂ ಉಳಿಸಿ. ಅಂಕಪಟ್ಟಿಯಾದರೆ ಸಾಲಿನ ಸಂಖ್ಯೆಯೊಂದಿಗೆ ಎಚ್ಚರಿಕೆ ಕೊಡಿ, ಏಕೆಂದರೆ ಅಲ್ಲಿ ಒಬ್ಬರ ಅಂಕ ಬಿಟ್ಟುಹೋಗಿರಬಹುದು. ಬರಹ ಬರದೆಯೇ ಕಡತ ಮುಗಿದರೆ ಎಣಿಕೆಯನ್ನು ಮರೆತುಬಿಡಿ. ಈ ಕ್ರಮಕ್ಕೆ ಇಡೀ ಕಡತವನ್ನು ಸ್ಮೃತಿಗೆ ತರುವ ಅಗತ್ಯವಿಲ್ಲ.

4. ಕೊನೆಯ ಸಾಲಿಗೆ ಹೊಸಸಾಲು ಸಂಕೇತವಿಲ್ಲದಿದ್ದರೂ ಅದು ಸಾಲೇ. ಅದನ್ನು ಕೈಬಿಡಬೇಡಿ.

5. ನೀವು ಕಡತ ಬರೆಯುವಾಗ ಪ್ರತಿ ಸಾಲನ್ನೂ ಒಂದೇ ಒಂದು ಹೊಸಸಾಲು ಸಂಕೇತದಿಂದ ಮುಗಿಸಿ. ನಿಮ್ಮ ಕಡತವನ್ನು ಓದುವ ಪ್ರೋಗ್ರಾಂ ಬರೆದವರು ಈ ಇತಿಹಾಸವನ್ನು ತಿಳಿದಿರಲಾರರು.

ನೀವೇ ಮಾಡಿ ನೋಡಿ

ಮೇಲಿನ ಐದು ಅಂಕಗಳನ್ನು ಐದು ಕಡತಗಳಲ್ಲಿ ಬರೆಯಿರಿ: ಕೊನೆಯಲ್ಲಿ ಹೊಸಸಾಲು ಇಲ್ಲದೆ, ಒಂದು ಹೊಸಸಾಲಿನೊಂದಿಗೆ, ಮೂರು ಖಾಲಿ ಸಾಲುಗಳೊಂದಿಗೆ, ಖಾಲಿ ಜಾಗವಷ್ಟೇ ಇರುವ ಒಂದು ಸಾಲಿನೊಂದಿಗೆ, 13 ಮತ್ತು 10ರ ಜೋಡಿಯೊಂದಿಗೆ. ಆರನೆಯ ಕಡತವನ್ನು ಪೂರ್ಣ ಬರಿದಾಗಿ ಬಿಡಿ. ನಿಮ್ಮ ಪ್ರೋಗ್ರಾಂ ಮೊದಲ ಐದಕ್ಕೂ 70 ಎನ್ನಬೇಕು. ಆರನೆಯದಕ್ಕೆ ಅದು ಏನೆನ್ನಬೇಕು? ಸರಾಸರಿ ಸೊನ್ನೆ ಎಂದರೆ ಅದು ಸರಿಯೇ? ಖಾಲಿ ಕಾರ್ಡಿನ ಕಥೆಯನ್ನು ನೆನೆದು ಉತ್ತರ ಬರೆಯಿರಿ.